ಎಕ್ಸೆಲ್‌ನಲ್ಲಿ ಸರಿಯಿದ್ದ ಹೆಸರು ಇಮೇಲ್‌ಗೆ ಬಂದಾಗ ಯಾಕೆ ಕೆಡುತ್ತದೆ?

ಪ್ರಶ್ನೆ: ಸರ್, ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಖರೀದಿದಾರರ ಹೆಸರು, ಊರು, ಫೋನ್, ಇಮೇಲ್ ಎಲ್ಲ ಎಕ್ಸೆಲ್‌ನಲ್ಲಿದೆ. ಡಬ್ಬಿ ಮೆಣಸಿನಕಾಯಿ ತಗೊಳ್ಳುವವರದು ಒಂದು ಶೀಟ್, ಕಡ್ಡಿ ಮೆಣಸಿನಕಾಯಿ ತಗೊಳ್ಳುವವರದು ಇನ್ನೊಂದು, ಒಟ್ಟು 640 ಹೆಸರು. ದರ ಕಳಿಸಲು ಅನುಕೂಲ ಆಗುತ್ತದೆ, ಎಲ್ಲವನ್ನೂ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ಗೆ ಹಾಕಿ ಎಂದು ಸಾಹುಕಾರರು ಹೇಳಿದರು. ಸಿಎಸ್‌ವಿ ಮಾಡಿ ಹಾಕಿದೆ. ಕನ್ನಡದ ಹೆಸರೆಲ್ಲ ಬರೀ ಪ್ರಶ್ನೆ ಗುರುತು ಆಗಿವೆ, ಮೊಬೈಲ್ ನಂಬರ್ ಇರಬೇಕಾದಲ್ಲಿ 9.19 ಎಂದು ಶುರುವಾಗಿ +11 ಎಂದು ಮುಗಿಯುತ್ತದೆ, ಇಮೇಲ್ ಹೋಗಿ ಅಡ್ಡಹೆಸರಿನ ಜಾಗದಲ್ಲಿ ಕೂತಿದೆ. ಅದೂ 410 ಹೆಸರು ಮಾತ್ರ ಬಂದಿವೆ. ಎಲ್ಲ ಕೈಯಿಂದಲೇ ಬರೆಯಬೇಕಾ?
(ಹೆಸರು ಬೇಡ, ಬ್ಯಾಡಗಿ)

ಉತ್ತರ: ಬೇಡವೇ ಬೇಡ. 640 ಹೆಸರು ಕೈಯಿಂದ ಬರೆದರೆ ನಾಲ್ಕು ದಿನ ಹೋಗುತ್ತದೆ, ಮೇಲೆ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ. ನಿಮ್ಮ ಮೂಲ ಎಕ್ಸೆಲ್ ಫೈಲ್ ಇದೆ ಅಲ್ವಾ? ಅದು ಇದ್ದರೆ ಏನೂ ಕಳೆದುಹೋಗಿಲ್ಲ. ಅದರ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡು ಆಮೇಲೆ ಮುಂದಿನದು ಮಾಡಿ.

ಮೊದಲು 410ರ ವಿಷಯ. ಸಿಎಸ್‌ವಿ ಎಂದರೆ ಬರೀ ಅಕ್ಷರಗಳ ಫೈಲ್, ಒಂದೊಂದು ಮಾಹಿತಿಯ ನಡುವೆ ಒಂದು ಅಲ್ಪವಿರಾಮ, ಅಷ್ಟೇ. ಅದರಲ್ಲಿ ಎರಡು ಶೀಟ್‌ಗೆ ಜಾಗವಿಲ್ಲ. ಸೇವ್ ಮಾಡುವಾಗ ಯಾವ ಶೀಟ್ ಎದುರಿಗೆ ಇರುತ್ತದೋ ಅದು ಮಾತ್ರ ಹೋಗುತ್ತದೆ. ಎಕ್ಸೆಲ್ ಹಾಗೆಂದು ಎಚ್ಚರಿಸುತ್ತದೆ, ಕೆಲಸದ ಗಡಿಬಿಡಿಯಲ್ಲಿ ನಾವು ಓದದೆ ಓಕೆ ಒತ್ತಿಬಿಡುತ್ತೇವೆ. ಹಾಗಾಗಿ ಡಬ್ಬಿಗೆ ಒಂದು ಸಿಎಸ್‌ವಿ, ಕಡ್ಡಿಗೆ ಇನ್ನೊಂದು ಸಿಎಸ್‌ವಿ ಮಾಡಿ. ಇದರಿಂದ ನಿಮಗೆ ಲಾಭವೇ ಇದೆ, ಥಂಡರ್‌ಬರ್ಡ್‌ನಲ್ಲೂ ಎರಡು ಬೇರೆ ವಿಳಾಸ ಪುಸ್ತಕ ಆಗುತ್ತವೆ, ಡಬ್ಬಿಯ ದರ ಕಡ್ಡಿಯವರಿಗೆ ಸುಮ್ನೆ ಹೋಗುವುದಿಲ್ಲ.

ಪ್ರಶ್ನೆ ಗುರುತು ಬಂದದ್ದು ಸೇವ್ ಮಾಡಿದ ರೀತಿಯಿಂದ. ಸೇವ್ ಆ್ಯಸ್ ಒತ್ತಿದಾಗ ಸಿಎಸ್‌ವಿ ಎಂಬ ಹೆಸರು ಪಟ್ಟಿಯಲ್ಲಿ ಒಂದಕ್ಕಿಂತ ಜಾಸ್ತಿ ಸಲ ಇರುತ್ತದೆ. ಬರೀ ‘ಕಾಮಾ ಡಿಲಿಮಿಟೆಡ್’ ಎಂದಿರುವುದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಗುರುತು ಇಡುತ್ತದೆ. ನಿಮಗೆ ಬೇಕಾದದ್ದು ‘ಸಿಎಸ್‌ವಿ ಯುಟಿಎಫ್-8’, ಕನ್ನಡದ ಅಕ್ಷರಗಳನ್ನೂ ಹಾಗೇ ಉಳಿಸುವ ವಿಧಾನ ಅದು. ಹಳೆಯ ಎಕ್ಸೆಲ್‌ನಲ್ಲಿ ಅದು ಕಾಣದಿದ್ದರೆ ಶೀಟನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಅಲ್ಲಿಂದ ಸಿಎಸ್‌ವಿ ಡೌನ್‌ಲೋಡ್ ಮಾಡಿ, ಅದು ಯುಟಿಎಫ್-8ರಲ್ಲೇ ಬರುತ್ತದೆ. ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಇದ್ದವರು ಸೇವ್ ಮಾಡುವಾಗ ಅಕ್ಷರಗಳ ಗುಂಪು ಎಂದು ಕೇಳುವಲ್ಲಿ ಯುಟಿಎಫ್-8 ಆರಿಸಿದರೆ ಆಯಿತು.

ಫೋನ್ ನಂಬರ್ ವಿಷಯದಲ್ಲಿ ತುಂಬಾ ಜನ ಪೆಟ್ಟು ತಿನ್ನುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ. 91 ಸೇರಿಸಿದ ಮೊಬೈಲ್ ನಂಬರ್‌ಗೆ 12 ಅಂಕಿ. ಎಕ್ಸೆಲ್ ಅದನ್ನು ಫೋನ್ ನಂಬರ್ ಎಂದು ನೋಡುವುದಿಲ್ಲ, ಕೋಟಿಗಟ್ಟಲೆ ಹಣದ ಹಾಗೆ ದೊಡ್ಡದೊಂದು ಸಂಖ್ಯೆ ಎಂದು ನೋಡಿ ಗಣಿತದ ಚುಟುಕು ರೂಪದಲ್ಲಿ ತೋರಿಸುತ್ತದೆ. ತೋರಿಸಿದರೆ ಪರವಾಗಿಲ್ಲ, ಆದರೆ ಸಿಎಸ್‌ವಿಗೂ ಹಾಗೇ ಬರೆಯುತ್ತದೆ, ಆಗ ಕೊನೆಯ ಅಂಕಿಗಳು ಆ ಫೈಲ್‌ನಲ್ಲಿ ಇರುವುದೇ ಇಲ್ಲ. ಈಗಾಗಲೇ ಬರೆದಿರುವ ನಂಬರ್‌ಗಳಿಗೆ ಇಡೀ ಕಾಲಂ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ‘ನಂಬರ್’ ಒತ್ತಿ, ದಶಮಾಂಶ ಸೊನ್ನೆ ಮಾಡಿ. 12 ಅಂಕಿಯೂ ಕಾಣಿಸುತ್ತವೆ. ಮುಂದೆ ಹೊಸದಾಗಿ ಬರೆಯುವ ಮೊದಲು ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಡಿ. ಲ್ಯಾಂಡ್‌ಲೈನ್ ಕಥೆ ಬೇರೆ: ಹುಬ್ಬಳ್ಳಿಯ 0836, ನಿಮ್ಮ ಹಾವೇರಿಯ 08375 ಎರಡರಲ್ಲೂ ಮೊದಲ ಸೊನ್ನೆಯನ್ನು ಎಕ್ಸೆಲ್ ಬರೆಯುವಾಗಲೇ ನುಂಗಿರುತ್ತದೆ. ಅದನ್ನು ಟೆಕ್ಸ್ಟ್ ಕಾಲಂನಲ್ಲಿ ಮತ್ತೆ ಸೇರಿಸಬೇಕು.

ಇನ್ನು ಇಮೇಲ್ ಅಡ್ಡಹೆಸರಿನ ಜಾಗಕ್ಕೆ ಹೋದದ್ದು. ಥಂಡರ್‌ಬರ್ಡ್‌ನಲ್ಲಿ ಟೂಲ್ಸ್, ಅಲ್ಲಿ ಇಂಪೋರ್ಟ್ ಒತ್ತಿ ವಿಳಾಸ ಪುಸ್ತಕದ ಫೈಲ್ ಕೊಟ್ಟ ಮೇಲೆ ಯಾವ ಕಾಲಂ ಯಾವ ಜಾಗಕ್ಕೆ ಎಂದು ಹೊಂದಿಸುವ ಪುಟ ಬರುತ್ತದೆ. ಅದನ್ನು ದಾಟಿಸಿ ಮುಂದೆ ಹೋಗಿದ್ದೀರಿ ಅನಿಸುತ್ತದೆ. ಅಲ್ಲಿ ಒಂದೊಂದನ್ನೂ ನೋಡಿ ಹೊಂದಿಸಿ, ಮೊದಲ ಸಾಲಿನಲ್ಲಿ ತಲೆಬರಹ ಇದೆ ಎಂಬುದಕ್ಕೂ ಗುರುತು ಹಾಕಿ, ಇಲ್ಲದಿದ್ದರೆ ‘ಹೆಸರು’ ಎಂಬ ಹೆಸರಿನ ಖರೀದಿದಾರರೊಬ್ಬರು ಪಟ್ಟಿ ಸೇರುತ್ತಾರೆ. ಹೊಸ ವಿಳಾಸ ಪುಸ್ತಕಕ್ಕೇ ಹಾಕಿ. ತಪ್ಪಾದರೆ ಆ ಪುಸ್ತಕವನ್ನೇ ಅಳಿಸಿ ಮತ್ತೆ ಮಾಡಬಹುದು, ಹಳೆಯ ವಿಳಾಸಗಳಿಗೆ ಏನೂ ಆಗುವುದಿಲ್ಲ. ಮತ್ತೆ, ಮೊದಲೇ 640 ಬೇಡ. ಐದು ಸಾಲಿನ ಫೈಲ್ ಮಾಡಿ ಹಾಕಿ ನೋಡಿ, ಆ ಐದೂ ಸರಿ ಬಂದರೆ ಉಳಿದದ್ದು ಎರಡು ನಿಮಿಷದ ಕೆಲಸ.

ಮಾಡಿದ ಸಿಎಸ್‌ವಿಯನ್ನು ಪರೀಕ್ಷಿಸಲು ಎಕ್ಸೆಲ್‌ನಲ್ಲಿ ತೆರೆಯಬೇಡಿ. ತೆರೆದು ಸೇವ್ ಮಾಡಿದರೆ ಸೊನ್ನೆಗಳು ಮತ್ತೆ ಹೋಗುತ್ತವೆ. ನೋಟ್‌ಪ್ಯಾಡ್‌ನಲ್ಲಿ ನೋಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಧಾರವಾಡದ ಒಂದು ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿಯನ್ನು ನನ್ನ ಕೈಗೆ ಕೊಡುವ ಮೊದಲು ಯಾರೋ ಹೆಸರಿನ ಕಾಲಂ ಒಂದನ್ನೇ ಆರಿಸಿ ಅಕಾರಾದಿ ಮಾಡಿದ್ದರು. ಹೆಸರುಗಳು ಸಾಲಾಗಿ ನಿಂತವು, ಇಮೇಲ್‌ಗಳು ಇದ್ದಲ್ಲೇ ಉಳಿದವು. ಒಬ್ಬರ ಹೆಸರಿನ ಪತ್ರ ಇನ್ನೊಬ್ಬರಿಗೆ ಹೋಯಿತು. ಅದನ್ನು ಸರಿ ಮಾಡಲು ಹಳೆಯ ಪ್ರತಿಯೂ ಉಳಿದಿರಲಿಲ್ಲ. ಆ ಪಟ್ಟಿ ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಜೋಡಿಸುವುದಿದ್ದರೆ ಇಡೀ ಪಟ್ಟಿ ಆರಿಸಿಕೊಂಡೇ ಜೋಡಿಸಿ.

ಪ್ರಶ್ನೆ: ಗದಗದಲ್ಲಿ ನಮ್ಮದು ಪ್ರೆಸ್. ಯುಟಿಎಫ್-8 ಮಾಡಿಯೇ ಹಾಕಿದರೂ ಗಿರಾಕಿಗಳ ಕನ್ನಡ ಹೆಸರು ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತಿವೆ.

ಉತ್ತರ: ನಿಮ್ಮ ಹೆಸರುಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟ್‌ನಲ್ಲಿ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಒಂದು ಹೆಸರನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ, ಅಲ್ಲೂ ಹಾಗೇ ಬಂದರೆ ಇದೇ ಕಾರಣ. ನುಡಿಯ ಜೊತೆ ಬರುವ ಪರಿವರ್ತಕದಿಂದ ಯುನಿಕೋಡ್‌ಗೆ, ಅಂದರೆ ಒಳಗೂ ಕನ್ನಡವೇ ಇರುವ ಸಂಕೇತಕ್ಕೆ, ಬದಲಿಸಿಕೊಳ್ಳಿ. ಆದರೆ ಕನ್ನಡ ಇರುವ ಕಾಲಂ ಮಾತ್ರ ಕೊಡಿ. ಇಮೇಲ್ ಕಾಲಂ ಕೊಟ್ಟರೆ ಅದನ್ನೂ ಕನ್ನಡ ಮಾಡಲು ಹೋಗಿ ಎಲ್ಲ ವಿಳಾಸ ಕೆಡಿಸುತ್ತದೆ.

ಪ್ರಶ್ನೆ: ಸಾಮಾನ್ಯ ಜಿಮೇಲ್ ಖಾತೆಯಿಂದ 600 ಜನಕ್ಕೆ ಒಂದೇ ಸಲ ಪತ್ರ ಕಳಿಸಬಹುದಾ? (ಧಾರವಾಡ)

ಉತ್ತರ: ಆಗುವುದಿಲ್ಲ, ದಿನಕ್ಕೆ 500 ಜನ ಎಂಬ ಮಿತಿ ಇದೆ. ಎರಡು ದಿನಕ್ಕೆ ಹಂಚಿಕೊಳ್ಳಿ. ವಿಳಾಸಗಳನ್ನು ಬಿಸಿಸಿ ಜಾಗದಲ್ಲೇ ಹಾಕಿ. ‘ಟು’ನಲ್ಲಿ ಹಾಕಿದರೆ ಪ್ರತಿಯೊಬ್ಬರಿಗೂ ಉಳಿದವರ ಇಮೇಲ್ ಎಲ್ಲ ಕಾಣುತ್ತದೆ, ನಂಬಿ ವಿಳಾಸ ಕೊಟ್ಟವರಿಗೆ ಹಾಗೆ ಮಾಡಬಾರದು.