ನಮ್ಮಂಥ ಸಾಮಾನ್ಯ ಹೆಂಗಸರು ಗ್ಲಾಮರ್ ಫೋಟೋ ಶೂಟ್ ಮಾಡಿಸಿಕೊಳ್ಳಬಹುದಾ?

ನಿಮಗೆ 31 ವರ್ಷ, ಸ್ವಲ್ಪ ದಪ್ಪ ಇದ್ದೀರಿ, ಚಿಕ್ಕಬಳ್ಳಾಪುರದಂಥ ಊರಲ್ಲಿ ಇಂಥ ಆಸೆ ಹೇಳಿಕೊಳ್ಳೋಕೇ ನಾಚಿಕೆ ಅಂತ ಬರೆದಿದ್ದೀರಿ. ನಾನು ಶಿಡ್ಲಘಟ್ಟದಲ್ಲಿ ಬ್ಲೌಸ್ ಹೊಲಿಯುವವಳು, ವಯಸ್ಸು 42. ಎರಡು ವರ್ಷದ ಹಿಂದೆ ಮಾಡಿಸಿಕೊಂಡೆ. ನೀವೂ ಮಾಡಿಸಿಕೊಳ್ಳಿ. ನಾಚಿಕೆ ಇರುವುದು ಮೊದಲ ಅರ್ಧ ಗಂಟೆ. ಆಮೇಲೆ ಕಾಲು ನೋವು ಶುರುವಾಗುತ್ತದೆ, ನಾಚಿಕೊಳ್ಳೋಕೆ ಪುರುಸೊತ್ತೇ ಇರಲ್ಲ.

ಬೆಳಗ್ಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಹತ್ತಿರ ರೇಷ್ಮೆ ಸೀರೆ, ಮಧ್ಯಾಹ್ನ ಸ್ಟುಡಿಯೋದಲ್ಲಿ ಗೌನ್ ಅಂತ ಮಾತಾಗಿತ್ತು. ದೇವಸ್ಥಾನ ಪುರಾತತ್ವ ಇಲಾಖೆಯದು. ಫೋಟೋಗ್ರಾಫರ್ ಟ್ರೈಪಾಡ್ ಬಿಚ್ಚಿದ ಕೂಡಲೇ ಕಾವಲಿನವರು ಬಂದರು. ಅದಕ್ಕೆ ಮೊದಲೇ ಅನುಮತಿ ತಗೋಬೇಕಂತೆ. ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆದರು.

ಗೌನ್ ಬಾಡಿಗೆಯದು, ನನಗೆ ಎರಡು ಸೈಜ್ ದೊಡ್ಡದು. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಏಳು ಹಾಕಿ ಬಿಗಿ ಮಾಡಿದರು. ಮುಂದಿನಿಂದ ಮಹಾರಾಣಿ, ಹಿಂದಿನಿಂದ ಒಗೆದ ಬಟ್ಟೆ ತಂತಿ! ದಿನಾ ಬೇರೆಯವರ ಅಳತೆ ತೆಗೆಯುವ ನನಗೆ ನಗು ತಡೆಯಲಾಗಲಿಲ್ಲ. ಹತ್ತು ನಿಮಿಷ ಕೊಟ್ಟಿದ್ದರೆ ನಾನೇ ಟಕ್ಸ್ ಹಿಡಿದುಬಿಡುತ್ತಿದ್ದೆ.

ದಪ್ಪದ ಚಿಂತೆ ಬಿಡಿ. ಆಮೆ ತಲೆ ಚಾಚುತ್ತದಲ್ಲ, ಹಾಗೆ ಗದ್ದವನ್ನು ಮುಂದಕ್ಕೆ ತಂದು ಚೂರು ಕೆಳಕ್ಕೆ ಇಳಿಸಿ. ಕನ್ನಡಿಯಲ್ಲಿ ಪಕ್ಕದಿಂದ ನೋಡಿದರೆ ಹುಚ್ಚಿ ಥರ ಕಾಣುತ್ತೀರಿ, ಫೋಟೋದಲ್ಲಿ ಮಾತ್ರ ಎರಡನೇ ಗದ್ದ ಮಾಯ. ಮೈಭಾರ ಹಿಂದಿನ ಕಾಲಿನ ಮೇಲೆ ಬಿಡಿ. ತೋಳನ್ನು ಮೈಗೆ ಒತ್ತಬೇಡಿ, ಒತ್ತಿದರೆ ಅಗಲವಾಗುತ್ತದೆ. ಎರಡು ಗಂಟೆ ಮೊದಲಿಂದಲೇ ಸಡಿಲ ಬಟ್ಟೆ ಹಾಕಿಕೊಂಡಿರಿ, ಇಲ್ಲದಿದ್ದರೆ ಎಲಾಸ್ಟಿಕ್ ಗುರುತು ಬೀಳುತ್ತದೆ.

ಮೇಕಪ್ಪಿನದು ಬೇರೆ ಕಥೆ. ನಮ್ಮ ಕಡೆ ಮದುವೆ ಮೇಕಪ್ ಮಾಡಿ ಅಭ್ಯಾಸ, ಕೇಳದೇನೇ ಬೆಳ್ಳಗೆ ಮಾಡಿಬಿಡುತ್ತಾರೆ. ನನ್ನ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ ಆಗಿ ಎಲ್ಲ ಒರೆಸಿ ಮತ್ತೆ ಶುರು ಮಾಡಿದರು. ಬಣ್ಣವನ್ನು ಕತ್ತಿಗೆ ಹಚ್ಚಿ ನೋಡಿ ಅಂತ ಮೊದಲೇ ಹೇಳಿ. ಸನ್‌ಸ್ಕ್ರೀನ್ ಬೇಡ, ಕೆಲವು ಕ್ರೀಮುಗಳು ಫ್ಲ್ಯಾಷ್ ಬಿದ್ದರೆ ಬೂದಿ ಬಳಿದ ಹಾಗೆ ಹೊಳೆಯುತ್ತವೆ.

ನನಗೆ ಬೇಜಾರಾಗಿದ್ದು ಮಾತ್ರ ಬೇರೆಯದಕ್ಕೆ. ತಿಂಗಳಾದ ಮೇಲೆ ನಮ್ಮ ಮೈದುನ ಫೋನ್ ಮಾಡಿ, "ಅತ್ತಿಗೆ, ಇನ್‌ಸ್ಟಾಗ್ರಾಂನಲ್ಲಿ ನೀವಾ ಇದು?" ಅಂದ. ಸ್ಟುಡಿಯೋದವರು ಒಂದು ಮಾತೂ ಕೇಳದೆ ತಮ್ಮ ಪೇಜ್‌ಗೆ ಹಾಕಿಬಿಟ್ಟಿದ್ದರು. ಕೇಳಿದರೆ "ಫೋಟೋ ತೆಗೆದವರು ನಾವಲ್ವಾ ಅಕ್ಕಾ" ಅಂದರು. ಪರಿಚಯದ ವಕೀಲರನ್ನು ವಿಚಾರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅದನ್ನು ಹೇಳಿದ ಸಂಜೆಯೇ ಪೇಜ್‌ನಿಂದ ತೆಗೆದುಹಾಕಿದರು. ಬಿಟ್ಟಿಯಾಗಿ ತೆಗೆದುಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ಅಲ್ಲಿ ಹಕ್ಕು ಸಾಮಾನ್ಯವಾಗಿ ಫೋಟೋಗ್ರಾಫರ್‌ದೇ. ಅದಕ್ಕೇ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಇರಲಿ.

ಆ ಪೇಜ್ ನೋಡಿಯೋ ಏನೋ, ಒಬ್ಬ ಫೋನ್ ಮಾಡಿ, ಸೀರೆ ಜಾಹೀರಾತಿಗೆ ನಿಮ್ಮನ್ನು ಆರಿಸಿದ್ದೇವೆ, ಪೋರ್ಟ್‌ಫೋಲಿಯೋಗೆ, ಅಂದರೆ ಕೆಲಸ ಕೇಳುವಾಗ ತೋರಿಸುವ ಫೋಟೋ ಆಲ್ಬಮ್ಮಿಗೆ, 25,000 ಕಟ್ಟಿ ಅಂದ. ನೀವು ಮಾಡೆಲಿಂಗ್ ಅವಕಾಶದ ಬಗ್ಗೆಯೂ ಕೇಳಿದ್ದರಿಂದ ಹೇಳುತ್ತಿದ್ದೇನೆ: ಸರಿಯಾದ ಏಜೆನ್ಸಿ ಕೆಲಸ ಕೊಡಿಸಿ ಅದರಲ್ಲಿ ಕಮಿಷನ್ ಹಿಡಿಯುತ್ತದೆ, ಮೊದಲೇ ದುಡ್ಡು ಕೇಳಲ್ಲ. ಅವರಿಗೆ ಮೊದಲು ಬೇಕಾಗುವುದೂ ಮೇಕಪ್ ಇಲ್ಲದೆ ಗೋಡೆ ಮುಂದೆ ನಿಂತು ಮೊಬೈಲಲ್ಲಿ ತೆಗೆದ ಸಾದಾ ಫೋಟೋಗಳು. ಎದುರಿಂದ, ಪಕ್ಕದಿಂದ, ಪೂರ್ತಿ ನಿಲುವು. ಖರ್ಚು ಸೊನ್ನೆ.

ಶೂಟ್‌ಗೆ ಒಬ್ಬರೇ ಹೋಗಬೇಡಿ. ಅಕ್ಕನೋ ಗೆಳತಿಯೋ ಜೊತೆಗಿರಲಿ, ಸೆರಗು ಸರಿ ಮಾಡೋಕಾದರೂ ಬೇಕು. ನಂದಿ ಕಡೆ ಹೋಗುವುದಾದರೆ ಶನಿವಾರ, ಭಾನುವಾರ ಬೇಡವೇ ಬೇಡ. ಬೆಟ್ಟಕ್ಕೆ ಹೋಗುವ ಬೆಂಗಳೂರಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಮೇಕಪ್ ಕಾರಲ್ಲೇ ಕರಗಿಹೋಗುತ್ತದೆ.