ಟರ್ಬೊ ಕಾರಿಗೆ ಹೆಡ್ ಪೋರ್ಟಿಂಗ್: ಇನ್‌ಟೇಕ್ ಬಿಡಿ, ಎಕ್ಸಾಸ್ಟ್ ಸೀಟ್ ನೋಡಿ

ನಿಮ್ಮದು ಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸಿದ, ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ ಬಿಚ್ಚಿಸಿ, ಗಾಳಿ ಒಳಬರುವ ದಾರಿಗಳಾದ ಇನ್‌ಟೇಕ್ ಪೋರ್ಟ್‌ಗಳನ್ನು ಕನ್ನಡಿಯಂತೆ ಪಾಲಿಶ್ ಮಾಡಿಸಿ, ವಾಲ್ವ್ ಮುಚ್ಚಿದಾಗ ಕೂರುವ ಉಂಗುರಗಳಾದ ವಾಲ್ವ್ ಸೀಟ್‌ಗಳನ್ನು ಸಣ್ಣಗೆ ಕತ್ತರಿಸಿದರೆ ಎಷ್ಟು ಅಶ್ವಶಕ್ತಿ ಏರುತ್ತದೆ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 2013ರಲ್ಲಿ ನನ್ನ ಬಳಿ ಇದ್ದದ್ದು ಇದೇ ಕಾರು, ಇದೇ 1.8 ಲೀಟರ್ ಟರ್ಬೊ ಎಂಜಿನ್, ಇದೇ ಆಸೆ.

ಕಂಪನಿಯಿಂದ ಬಂದಾಗ 150 ಅಶ್ವಶಕ್ತಿ. ಮ್ಯಾಪ್ ಮಾಡಿಸಿ ಬೂಸ್ಟ್ ಅನ್ನು, ಅಂದರೆ ಟರ್ಬೊ ಗಾಳಿ ನೂಕುವ ಒತ್ತಡವನ್ನು, 1 ಬಾರ್‌ವರೆಗೆ ಏರಿಸಿದ್ದೆ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಹೆಡ್ ಬಿಚ್ಚಿಸಿದೆ. ಸಿಲಿಂಡರ್‌ಗೆ ಐದರಂತೆ ಇಪ್ಪತ್ತು ವಾಲ್ವ್‌ಗಳು: ಗಾಳಿ ಒಳಬಿಡುವ ಇನ್‌ಟೇಕ್ ಮೂರು, ಹೊಗೆ ಹೊರಬಿಡುವ ಎಕ್ಸಾಸ್ಟ್ ಎರಡು. ಕಚೇರಿಯಿಂದ ಬಂದ ಮೇಲೆ ಮೂರು ವಾರ ಪ್ರತಿ ರಾತ್ರಿ ಕುಳಿತು ಪೋರ್ಟ್‌ಗಳನ್ನು ನಾನೇ ಉಜ್ಜಿದೆ. ಆ ಕೆಲಸದಿಂದ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ನಷ್ಟವಾದದ್ದು ಸೀಟ್‌ಗಳಿಂದ.

ಸೀಟ್ ಕಟಿಂಗ್‌ಗೆ ಹೆಡ್ ಅನ್ನು ಪೀಣ್ಯದ ಕಡೆಯ ಒಂದು ಲೇತ್ ಅಂಗಡಿಗೆ ಒಯ್ದೆ. ಎಲ್ಲ ಇಪ್ಪತ್ತು ಸೀಟ್‌ಗಳ ಅಗಲವನ್ನೂ 0.8 ಮಿ.ಮೀ.ಗೆ ಇಳಿಸಿ ಎಂದೆ. ಅಲ್ಲಿನ ಹಿರಿಯರು ನನ್ನ ಚೀಟಿಯನ್ನು ಎರಡು ಸಲ ಓದಿ, "ಇನ್‌ಟೇಕ್‌ಗೆ ಮಾಡಿಕೊಡುತ್ತೇನೆ ಸಾರ್. ಎಕ್ಸಾಸ್ಟ್‌ಗೆ ಇಷ್ಟು ಸಣ್ಣ ಬೇಡ, ಸುಟ್ಟುಹೋಗುತ್ತದೆ" ಎಂದರು. ನಾನು ಹೆಡ್‌ನಲ್ಲಿ ಗಾಳಿ ಎಷ್ಟು ಹರಿಯುತ್ತದೆ ಎಂದು ಅಳೆಯುವ ಫ್ಲೋ ಬೆಂಚ್‌ನ ಅಂಕಿಗಳ ಹಾಳೆ ತೆಗೆದು ಅವರ ಮುಂದೆ ಹಿಡಿದೆ. ಸೀಟ್ ಸಣ್ಣದಾದಷ್ಟೂ ವಾಲ್ವ್ ತೆರೆಯುವ ಹೊತ್ತಿನಲ್ಲಿ ಗಾಳಿ ಸರಾಗವಾಗಿ ಹರಿಯುತ್ತದೆ ಎಂದು ಅದರಲ್ಲಿತ್ತು. ಅದು ಸುಳ್ಳೂ ಅಲ್ಲ. ಅವರು ಮತ್ತೆ ಮಾತನಾಡಲಿಲ್ಲ, ಹೇಳಿದ ಹಾಗೆ ಕತ್ತರಿಸಿಕೊಟ್ಟರು.

ಫ್ಲೋ ಬೆಂಚ್ ಅಳೆಯುವುದು ತಣ್ಣನೆಯ ಗಾಳಿಯನ್ನು. ಬೆಂಕಿಯ ಲೆಕ್ಕ ಅದರಲ್ಲಿ ಇಲ್ಲ. ಎಕ್ಸಾಸ್ಟ್ ವಾಲ್ವ್ ಬದುಕಿರುವುದೇ ತನ್ನ ಶಾಖವನ್ನು ಬೇರೆಡೆಗೆ ದಾಟಿಸುವುದರಿಂದ. ಆ ಶಾಖದ ಸುಮಾರು ಮುಕ್ಕಾಲು ಪಾಲು ಸೀಟ್‌ನ ಮೂಲಕ ಹೆಡ್‌ಗೆ, ಅಲ್ಲಿಂದ ಕೂಲಂಟ್‌ಗೆ ಹೋಗುತ್ತದೆ. ಉಳಿದದ್ದು ವಾಲ್ವ್‌ನ ಕಾಂಡದ ಮೂಲಕ, ಆ ಕಾಂಡ ಜಾರುವ ಕೊಳವೆಯಾದ ಗೈಡ್‌ಗೆ. ವಾಲ್ವ್ ಸೀಟ್‌ಗೆ ತಾಗಿರುವುದು ಮುಚ್ಚಿದ್ದಾಗ ಮಾತ್ರ. 6,000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ, ಅಂದರೆ ಒಂದು ಸಲಕ್ಕೆ 20 ಮಿಲಿಸೆಕೆಂಡ್. ಅದರಲ್ಲೂ ಮೂರನೇ ಒಂದು ಭಾಗ ತೆರೆದೇ ಇರುತ್ತದೆ. ಮಿಕ್ಕ ಅಷ್ಟು ಹೊತ್ತಿನಲ್ಲಿ ಆ ತೆಳ್ಳನೆಯ ಉಂಗುರದ ಮೂಲಕವೇ ಬೆಂಕಿಯ ಬಿಸಿ ಇಳಿಯಬೇಕು. ಈ ಎಂಜಿನ್‌ನ ಎಕ್ಸಾಸ್ಟ್ ವಾಲ್ವ್‌ನ ವ್ಯಾಸ 29.9 ಮಿ.ಮೀ. 1.8 ಮಿ.ಮೀ. ಅಗಲದ ಸೀಟ್ ಇದ್ದರೆ ತಾಗುವ ಜಾಗ ಸುಮಾರು 160 ಚದರ ಮಿ.ಮೀ., 0.8 ಇದ್ದರೆ 75ರ ಒಳಗೆ. ಶಾಖ ಇಳಿಯುವ ದಾರಿಯ ಅರ್ಧಕ್ಕಿಂತ ಹೆಚ್ಚನ್ನು ನಾನು ದುಡ್ಡು ಕೊಟ್ಟು ಮುಚ್ಚಿಸಿದ್ದೆ.

ಟರ್ಬೊ ಇಲ್ಲದ ರೇಸ್ ಎಂಜಿನ್‌ನಲ್ಲಿ ಸಣ್ಣ ಸೀಟ್ ಹೇಗೋ ನಡೆಯುತ್ತದೆ, ಕೆಲವು ರೇಸ್‌ಗಳಿಗೊಮ್ಮೆ ವಾಲ್ವ್ ಬದಲಿಸುತ್ತಾರೆ. 1 ಬಾರ್ ಬೂಸ್ಟ್ ಎಂದರೆ ಹೆಚ್ಚುಕಡಿಮೆ ಎರಡು ಪಟ್ಟು ಗಾಳಿ, ಎರಡು ಪಟ್ಟು ಪೆಟ್ರೋಲ್. ಜತೆಗೆ ಆಗ ನಮ್ಮಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದದ್ದು 91 ಆಕ್ಟೇನ್ ಪೆಟ್ರೋಲ್. ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು, ಶುರುವಾದೊಡನೆ ಎಂಜಿನ್‌ನ ಕಂಪ್ಯೂಟರ್ ಸ್ಪಾರ್ಕ್ ಅನ್ನು ತಡಮಾಡುತ್ತದೆ. ತಡವಾಗಿ ಉರಿದದ್ದರ ಬಿಸಿಯೆಲ್ಲ ಎಕ್ಸಾಸ್ಟ್ ವಾಲ್ವ್‌ನ ಮೇಲೆಯೇ ಬೀಳುತ್ತದೆ.

ಮೊದಲ ಐದು ತಿಂಗಳು ಏನೂ ಆಗಲಿಲ್ಲ. ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಸೋರಿಕೆ ನೋಡಿಯೇ ಹೆಡ್ ಕೂರಿಸಿದ್ದೆವು, ಒಂದು ಹನಿಯೂ ಇಳಿದಿರಲಿಲ್ಲ. ಏಪ್ರಿಲ್‌ನಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋದೆ. ಮೂರನೆಯ ಸುತ್ತಾಟ ಮುಗಿಸಿ ಪಿಟ್‌ಗೆ ಬಂದಾಗ ಐಡಲ್‌ನಲ್ಲಿ ಮಿಸ್ಸಿಂಗ್. ಪ್ಲಗ್ ಇರಬೇಕು, ಕಾಯಿಲ್ ಇರಬೇಕು ಎಂದುಕೊಂಡು ಎರಡನ್ನೂ ಬದಲಿಸಿ ಮತ್ತೆ ಟ್ರ್ಯಾಕ್‌ಗೆ ಇಳಿದೆ. ನೇರ ರಸ್ತೆಯ ಕೊನೆಯಲ್ಲಿ ಟರ್ಬೊದಿಂದ ಕಲ್ಲು ಅರೆಯುವಂಥ ಸದ್ದು ಬಂತು.

ಮೂರನೆಯ ಸಿಲಿಂಡರ್‌ನ ಕಂಪ್ರೆಷನ್ 45 ಪಿಎಸ್‌ಐ, ಉಳಿದ ಮೂರರಲ್ಲಿ 160ರ ಆಸುಪಾಸು. ಆ ಮೂರನೆಯ ಸಿಲಿಂಡರ್‌ಗೆ ಗಾಳಿ ತುಂಬಿದರೆ ಸೈಲೆನ್ಸರ್‌ನ ಬಾಯಲ್ಲಿ ಸುಸ್ಸೆಂದು ಬರುತ್ತಿತ್ತು. ಹೆಡ್ ಎತ್ತಿದಾಗ ಒಂದು ಎಕ್ಸಾಸ್ಟ್ ವಾಲ್ವ್‌ನ ಅಂಚು ಹೋಳಿಗೆಯ ತುದಿ ಮುರಿದಂತೆ ಮುರಿದಿತ್ತು. ಆ ತುಂಡು ಟರ್ಬೈನ್ ಚಕ್ರದ ರೆಕ್ಕೆಗಳನ್ನು ಕಡಿದಿತ್ತು. ವಾಲ್ವ್‌ಗಳು, ಸೀಟ್‌ಗಳು, ಟರ್ಬೊ, ಗ್ಯಾಸ್ಕೆಟ್, ಕೂಲಿ ಸೇರಿ 2 ಲಕ್ಷ ದಾಟಿತು. ಕಾರು ಒಂಬತ್ತು ತಿಂಗಳು ಮನೆಯ ಮುಂದೆ ಹೊದಿಕೆಯಡಿ ನಿಂತಿತ್ತು. ಅದನ್ನು ತೊಳೆಯಲು ಬಟ್ಟೆ ಹಿಡಿದು ನಿಲ್ಲುತ್ತಿದ್ದ ನನ್ನ ಮಗ, ಯಾವಾಗ ಹೊರಗೆ ಹೋಗೋಣ ಎಂದು ಕೇಳುವುದನ್ನೇ ಬಿಟ್ಟ.

ಎಷ್ಟು ಅಶ್ವಶಕ್ತಿ ಏರುತ್ತದೆ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ನಿಮ್ಮದು ಕಂಪನಿಯ ಕೆ03 ಟರ್ಬೊ ಎಂದು ಬರೆದಿದ್ದೀರಿ. 200 ಅಶ್ವಶಕ್ತಿಯ ಆಸುಪಾಸಿನಲ್ಲಿ ಅದರ ಉಸಿರು ಮುಗಿಯುತ್ತದೆ. ಬೂಸ್ಟ್ ಮೀಟರ್ ತೋರಿಸುವುದು ಹೆಡ್ ನುಂಗಲಾಗದೆ ಹೊರಗೆ ಒತ್ತಿಕೊಂಡು ನಿಂತ ಗಾಳಿಯ ಒತ್ತಡವನ್ನು. ಪೋರ್ಟ್ ದೊಡ್ಡದಾದರೆ ಆ ಮುಳ್ಳು ಕೆಳಗಿಳಿದೀತು, ಟರ್ಬೊ ಕೊಡಲಾಗದ ಗಾಳಿ ಎಲ್ಲಿಂದಲೂ ಬರುವುದಿಲ್ಲ. ದೊಡ್ಡ ಟರ್ಬೊ ಹಾಕುವವರೆಗೆ ಹೆಡ್ ಅನ್ನು ಮುಟ್ಟಬೇಡಿ. ಆ ದುಡ್ಡನ್ನು ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹಾಕಿ. ಕನ್ನಡಿ ಪಾಲಿಶ್ ಅಂತೂ ಬೇಡವೇ ಬೇಡ. ಈ ಎಂಜಿನ್‌ನಲ್ಲಿ ಪೆಟ್ರೋಲ್ ಚಿಮ್ಮುವುದು ಪೋರ್ಟ್‌ನೊಳಗೆ. ಸ್ವಲ್ಪ ತರಿತರಿಯಾದ ಗೋಡೆಯ ಮೇಲೆ ಅದು ಚೆನ್ನಾಗಿ ಆವಿಯಾಗುತ್ತದೆ.

ಅಷ್ಟಾದರೂ ಬಿಚ್ಚುತ್ತೀರಾದರೆ ದಹನ ಕೋಣೆಯ ಚೂಪು ಅಂಚುಗಳನ್ನು ಮಾತ್ರ ಉಜ್ಜಿಸಿ, ಅವು ಕೆಂಡವಾಗಿ ನಾಕಿಂಗ್ ತರುತ್ತವೆ. ಹೆಡ್‌ನ ತಳವನ್ನು ಕೆತ್ತಿ ಸಮ ಮಾಡುವ ಫೇಸಿಂಗ್ ಹೆಚ್ಚು ಮಾಡಿಸಿದರೆ ಕಂಪ್ರೆಷನ್ ಏರಿ ಅದೇ ತೊಂದರೆ. ಹೆಡ್ ಬೋಲ್ಟ್‌ಗಳು ಪ್ರತಿ ಸಲ ಹೊಸವೇ ಆಗಬೇಕು. ಎಕ್ಸಾಸ್ಟ್ ವಾಲ್ವ್‌ಗಳನ್ನು ಗ್ರೈಂಡ್ ಮಾಡಲು ಯಾರಿಗೂ ಕೊಡಬೇಡಿ. ಅವುಗಳೊಳಗೆ ಸೋಡಿಯಂ ಇದೆ, ಒಡೆದು ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ. ಬಿಸಿಗೆ ಕರಗಿ ಕಾಂಡದೊಳಗೆ ಓಡಾಡುತ್ತಾ ಶಾಖವನ್ನು ಗೈಡ್‌ಗೆ ಮುಟ್ಟಿಸುವುದು ಆ ಸೋಡಿಯಂ. ಹಾಗಾಗಿ ಗಾಳಿಗೆ ಅಡ್ಡ ಎಂದು ಎಕ್ಸಾಸ್ಟ್ ಗೈಡ್‌ಗಳನ್ನು ಕತ್ತರಿಸಲೂ ಬಿಡಬೇಡಿ.

ಎರಡನೆಯ ಸಲ ಹೆಡ್ ಹಿಡಿದು ಅದೇ ಹಿರಿಯರ ಬಳಿ ಹೋದೆ. ಒಂದು ಮಾತೂ ಆಡಿಸಲಿಲ್ಲ, ಕಾಫಿ ತರಿಸಿದರು. ಇನ್‌ಟೇಕ್ 1.2, ಎಕ್ಸಾಸ್ಟ್ 1.8 ಎಂದು ಅವರೇ ಬರೆದುಕೊಂಡರು. ಕಾರು ಈಗಲೂ ಅದೇ ಸೀಟ್‌ಗಳ ಮೇಲೆ ಓಡುತ್ತಿದೆ. ನೀವು ಹೆಡ್ ಕೊಟ್ಟರೆ, ವಾಪಸು ತರುವ ಮೊದಲು ಸೀಟ್‌ಗೆ ನೀಲಿ ಬಣ್ಣ ಹಚ್ಚಿಸಿ, ವಾಲ್ವ್ ಒತ್ತಿಸಿ, ಮೂಡಿದ ಪಟ್ಟಿಯ ಅಗಲವನ್ನು ಅಂಗಡಿಯಲ್ಲಿಯೇ ನಿಂತು ಅಳೆಯಿರಿ. ಎಕ್ಸಾಸ್ಟ್‌ನ ಎಂಟನ್ನೂ.