ಜ್ವರ ಬಂದರೆ ಲಸಿಕೆ ಸೋತಂತೆಯೇ?

ಓದುಗರ ಪತ್ರ: ಕಳೆದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೆ. ಆದರೂ ಜ್ವರ ಬಂದು ನಾಲ್ಕು ದಿನ ಮಲಗಿದೆ. ನನಗೀಗ 68. ಈ ವರ್ಷವೂ ಚುಚ್ಚಿಸಿಕೊಳ್ಳಬೇಕೆ? ಮೈ ತಾನಾಗಿಯೇ ರೋಗವನ್ನು ಎದುರಿಸುವುದು ಮೇಲಲ್ಲವೆ?

ಸಂಪಾದಕರ ಉತ್ತರ: ನಿಮ್ಮ ಬೇಸರ ಸಹಜ. ಫ್ಲೂ ಲಸಿಕೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ತೋಳು ನೋಯುತ್ತದೆ, ಮೈ ಬೆಚ್ಚಗಾಗುವುದೂ ಉಂಟು. ಆದರೆ ಬಂದದ್ದು ಫ್ಲೂ ಜ್ವರವೇ ಎಂದು ನಿಮಗೆ ಹೇಳಿದವರು ಯಾರು? ಫ್ಲೂ ಎಂದೇ ಇಟ್ಟುಕೊಳ್ಳೋಣ. ಮಲಗಿದ ನಾಲ್ಕು ದಿನವನ್ನು ಲೆಕ್ಕ ಹಿಡಿದಿರಿ, ಆಸ್ಪತ್ರೆ ಸೇರದೆ ಎದ್ದು ಕೂತದ್ದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ!

ಶ್ವಾಸನಾಳದ ಒಳಮೈಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಫ್ಲೂ ವೈರಸ್ ಆ ಪದರವನ್ನೇ ಹಾಳುಗೆಡವುತ್ತದೆ. ಆಗ ಮೂಗು, ಗಂಟಲಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತದೆ. 1918ರ ಮಹಾಮಾರಿಯಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಹೀಗೆ ಫ್ಲೂ ಬೆನ್ನಿಗೇ ಬಂದ ನ್ಯುಮೋನಿಯಾ. ನಿಮ್ಮ ವಯಸ್ಸಿನವರಿಗೆ ನ್ಯುಮೋಕಾಕಸ್ ಲಸಿಕೆಯೂ ಬೇಕೆಂದು ವೈದ್ಯರು ಹೇಳುವುದು ಅದಕ್ಕೇ. ಪ್ರತಿವರ್ಷ ಏಕೆಂದರೆ, ಫ್ಲೂ ವೈರಸ್ ಬದಲಾಗುತ್ತಲೇ ಇರುತ್ತದೆ, ಹಳೆಯ ರಕ್ಷಣೆಯೂ ಕ್ಷೀಣಿಸುತ್ತದೆ.

'ಮೈ ತಾನಾಗಿಯೇ ಎದುರಿಸಲಿ' ಎಂಬ ಮಾತು ಮಾತ್ರ ನನ್ನನ್ನು ಕೆರಳಿಸಿತು. 1930ರ ದಶಕದಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಪ್ರಯೋಗಾಲಯದ ದಿನದ ಕೆಲಸ ಮುಗಿಸಿ, ಸಂಜೆ ನಾಯಿಕೆಮ್ಮು ಹಿಡಿದ ಮಕ್ಕಳ ಮನೆಗಳಿಗೆ ಹೋಗುತ್ತಿದ್ದರು. ಮಗು ಉಸಿರುಗಟ್ಟಿ ಕೆಮ್ಮುವಾಗ ಅದರ ಬಾಯಿಯ ಮುಂದೆ ಗಾಜಿನ ತಟ್ಟೆ ಹಿಡಿದು ರೋಗಾಣು ಸಂಗ್ರಹಿಸುತ್ತಿದ್ದರು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರ ಮನೆಗಳವು. ಆ ತಟ್ಟೆಗಳಿಂದ ಒಂದು ಸಮರ್ಥ ಲಸಿಕೆ ಹುಟ್ಟಿತು. ಅದನ್ನು ಕೈಬಿಟ್ಟರೆ ಏನಾಗುತ್ತದೆಂದು ಜಪಾನ್ ಕಂಡಿತು. 1974ರಲ್ಲಿ ಅಲ್ಲಿ ನಾಯಿಕೆಮ್ಮು ಬಂದವರು 393, ಸತ್ತವರಿಲ್ಲ. ಲಸಿಕೆಯ ನಂತರ ಎರಡು ಶಿಶುಗಳು ತೀರಿಕೊಂಡವೆಂಬ ಸುದ್ದಿಯಿಂದ ಜನ ಹೆದರಿ ಹಿಂದೆಗೆದರು. 1979ರ ಹೊತ್ತಿಗೆ 13,000ಕ್ಕೂ ಹೆಚ್ಚು ಮಂದಿಗೆ ಕಾಯಿಲೆ, 41 ಸಾವು. ಆ 41 ಜೀವಗಳೂ ತಾವಾಗಿಯೇ ಎದುರಿಸಲು ನೋಡಿದ್ದವು, ಸ್ವಾಮಿ.

ಈ ಪಾಪದಲ್ಲಿ ಪತ್ರಿಕೆಗಳಿಗೂ ಪಾಲಿದೆ. ಭಯದ ಸುದ್ದಿಗೆ ಮುಖಪುಟ, ಆರು ತಿಂಗಳ ನಂತರ ಬರುವ 'ಲಸಿಕೆ ಕಾರಣವಲ್ಲ' ಎಂಬ ವರದಿಗೆ ಒಳಪುಟದ ಮೂಲೆ. ಮೊಮ್ಮಕ್ಕಳ ಲಸಿಕೆಯ ದಿನ ತಪ್ಪಿದರೆ ಮಗಳನ್ನು ಗದರುವ ಹಿರಿಯರು, ತಮ್ಮ ಸರದಿ ಬಂದಾಗ ಫಾರ್ವರ್ಡ್ ಸಂದೇಶಗಳನ್ನು ನಂಬುತ್ತಾರೆ.

ಈ ವರ್ಷವೂ ಹಾಕಿಸಿಕೊಳ್ಳಿ. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ನ್ಯುಮೋಕಾಕಸ್ ಲಸಿಕೆಯ ಬಗ್ಗೆಯೂ ಅವರನ್ನು ಕೇಳಿ.